ವೀಲ್‌ಚೇರ್ ಜೊತೆ ಕ್ರೂಸ್ ಪ್ರವಾಸ: ಬ್ರೂಕ್‌ಫೀಲ್ಡ್ ಮನೆಯಿಂದ ಹಡಗಿನ ಕ್ಯಾಬಿನ್‌ವರೆಗೆ ಯಾವುದು ನಿಜ, ಯಾವುದು ಬರೀ ಮಾತು?

ರಜೆ ಹತ್ತಿರ ಬಂದರೆ ಸಾಕು, ಫ್ಯಾಮಿಲಿ ಗ್ರೂಪುಗಳಲ್ಲಿ ಕ್ರೂಸ್ ಪ್ಯಾಕೇಜುಗಳ ಫೋಟೊ ಓಡಾಡತೊಡಗುತ್ತವೆ. ಮನೆಯಲ್ಲಿ ವೀಲ್‌ಚೇರ್ ಬಳಸುವವರಿದ್ದರೆ ಅದರ ಕೆಳಗೇ ಎರಡು ಬಗೆಯ ಮಾತು ಬರುತ್ತವೆ. ಒಂದು: "ಅಷ್ಟು ದೊಡ್ಡ ಹಡಗು, ಲಿಫ್ಟ್ ಇರುತ್ತೆ, ಅಜ್ಜಿಗೆ ಏನೂ ತೊಂದರೆ ಆಗಲ್ಲ." ಇನ್ನೊಂದು: "ವೀಲ್‌ಚೇರ್ ಇಟ್ಟುಕೊಂಡು ಹಡಗು ಹತ್ತೋದಾ? ಅಮ್ಮ ಮನೇಲೇ ಇರಲಿ ಬಿಡಿ."

ಎರಡೂ ಅರ್ಧ ಮಾಹಿತಿ. ಮೊದಲನೆಯದನ್ನು ನಂಬಿದರೆ ಬಂದರಿನಲ್ಲಿ ಅಜ್ಜಿಯನ್ನು ನಾಲ್ಕು ಜನ ಎತ್ತಿಕೊಂಡು ಹೋಗಬೇಕಾದೀತು. ಎರಡನೆಯದನ್ನು ನಂಬಿದರೆ, ಹೋಗಬಹುದಾಗಿದ್ದ ಅಮ್ಮ ಮನೆಯಲ್ಲೇ ಉಳಿಯುತ್ತಾರೆ. ಅವರನ್ನು ಒಂದು ಮಾತು ಕೇಳಿರುವುದೂ ಇಲ್ಲ. ಹಾಗಾಗಿ ಬ್ರೂಕ್‌ಫೀಲ್ಡ್‌ನ ಮನೆಯ ಗೇಟಿನಿಂದ ಹಡಗಿನ ಕ್ಯಾಬಿನ್‌ವರೆಗೆ ದಾರಿಯನ್ನು ಹಂತ ಹಂತವಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ತೊಂದರೆ ಬರುವುದು ಹೆಚ್ಚಾಗಿ ವಾಹನದೊಳಗಲ್ಲ, ಒಂದು ವಾಹನದಿಂದ ಇನ್ನೊಂದಕ್ಕೆ ಬದಲಾಯಿಸುವ ಜಾಗಗಳಲ್ಲಿ.
- ಪ್ಲ್ಯಾನ್ ಮಾಡುವುದು ಹಿಂದಿನಿಂದ ಮುಂದಕ್ಕೆ: ಮೊದಲು ಹಡಗಿನ ಕ್ಯಾಬಿನ್, ಆಮೇಲೆ ಬಂದರು, ಆಮೇಲೆ ವಿಮಾನ ಅಥವಾ ರೈಲು, ಕೊನೆಗೆ ಕ್ಯಾಬ್.
- "ವೀಲ್‌ಚೇರ್ ಸೌಲಭ್ಯ ಇದೆ" ಎಂಬ ಮಾತು ಸಾಲದು. ಎಷ್ಟು ಅಗಲ, ಎಷ್ಟು ಎತ್ತರ, ಎಷ್ಟು ತೂಕ ಎಂದು ಕೇಳಬೇಕು.

ಮೊದಲು ಟೇಪ್ ಹಿಡಿಯಿರಿ

ಯಾವ ಬುಕಿಂಗ್‌ಗೂ ಮೊದಲು ಮನೆಯಲ್ಲೇ ಐದು ಅಳತೆ ಬರೆದಿಟ್ಟುಕೊಳ್ಳಿ: ಕುರ್ಚಿಯ ಹೊರ ಅಗಲ (ಕೈಯಲ್ಲಿ ತಳ್ಳುವ ಬಳೆಯೂ ಸೇರಿ), ಉದ್ದ, ಮಡಚಿದಾಗಿನ ಅಳತೆ, ತೂಕ, ಬ್ಯಾಟರಿ ಇದ್ದರೆ ಅದರ ಬಗೆ. ದೊಡ್ಡವರು ಬಳಸುವ ಸಾಮಾನ್ಯ ವೀಲ್‌ಚೇರ್ ಸುಮಾರು 60ರಿಂದ 66 ಸೆಂ.ಮೀ. ಅಗಲ ಇರುತ್ತದೆ.

ಕುರ್ಚಿಯಲ್ಲಿ ಕೂರುವವರ ಬಗ್ಗೆಯೂ ಸ್ಪಷ್ಟತೆ ಬೇಕು. ಹಿಡಿದುಕೊಂಡು ನಾಲ್ಕು ಹೆಜ್ಜೆ ಇಡುತ್ತಾರೆಯೇ? ಮೆಟ್ಟಿಲು ಹತ್ತುತ್ತಾರೆಯೇ? ಕುರ್ಚಿಯಿಂದ ಸೀಟಿಗೆ ತಾವೇ ಸರಿಯುತ್ತಾರೆಯೇ? ಈ ಉತ್ತರ ಗೊತ್ತಿರುವುದು ಅವರಿಗೇ. ಮಗ, ಸೊಸೆ, ಟ್ರಾವೆಲ್ ಏಜೆಂಟ್ ಸೇರಿ ಊಹಿಸುವ ವಿಷಯ ಅಲ್ಲ.

ಹೇಳಿಕೆ 1: "ಹಡಗಿನಲ್ಲಿ ಲಿಫ್ಟ್ ಇದೆ, ಅಷ್ಟು ಸಾಕು"

ಸಾಲದು. ಲಿಫ್ಟ್ ಡೆಕ್‌ನಿಂದ ಡೆಕ್‌ಗೆ ಒಯ್ಯುತ್ತದೆ, ಕ್ಯಾಬಿನ್ನಿನ ಒಳಗೆ ಒಯ್ಯುವುದಿಲ್ಲ. ಹಲವು ಹಡಗುಗಳಲ್ಲಿ ಸಾಮಾನ್ಯ ಕ್ಯಾಬಿನ್ನಿನ ಬಾಗಿಲು 55ರಿಂದ 60 ಸೆಂ.ಮೀ. ಅಷ್ಟೇ. 63 ಸೆಂ.ಮೀ. ಕುರ್ಚಿ ಅದರಲ್ಲಿ ತೂರುವುದಿಲ್ಲ. ತೂರಿದರೂ ಬಾತ್‌ರೂಮಿನ ಹೊಸ್ತಿಲು ಅಡ್ಡ ಬರುತ್ತದೆ. ನೀರು ಹೊರಗೆ ಹರಿಯದಿರಲಿ ಎಂದು ಹಡಗುಗಳಲ್ಲಿ ಈ ಹೊಸ್ತಿಲನ್ನು ಎತ್ತರಿಸಿರುತ್ತಾರೆ.

ವೀಲ್‌ಚೇರ್‌ಗೆಂದೇ ಮಾಡಿದ ಕ್ಯಾಬಿನ್‌ಗಳಲ್ಲಿ ಬಾಗಿಲು ಸುಮಾರು 80 ಸೆಂ.ಮೀ. ಇರುತ್ತದೆ. ಬಾತ್‌ರೂಮ್ ನೆಲ ಸಮತಟ್ಟು, ಶವರ್ ಬಳಿ ಕೂರಲು ಸೀಟು, ಹಿಡಿಯಲು ಕಂಬಿ ಇರುತ್ತವೆ. ಆದರೆ ಸಾವಿರಾರು ಜನ ಹಿಡಿಸುವ ಹಡಗಿನಲ್ಲೂ ಇಂಥ ಕ್ಯಾಬಿನ್‌ಗಳು ಕೆಲವೇ ಕೆಲವು. ಮೊದಲು ತುಂಬಿಹೋಗುವುದೂ ಅವೇ. ಆದ್ದರಿಂದಲೇ ಫ್ಲೈಟ್ ಟಿಕೆಟ್ ಅಗ್ಗವಾಗಿದೆ ಎಂದು ಅದನ್ನು ಮೊದಲು ಕೊಳ್ಳಬೇಡಿ. ಈ ಕ್ಯಾಬಿನ್ ಸಿಕ್ಕಿದೆ ಎಂದು ಈಮೇಲ್‌ನಲ್ಲಿ ಖಚಿತವಾಗುವ ತನಕ ಉಳಿದ ಬುಕಿಂಗ್ ಬೇಡ.

ಹೇಳಿಕೆ 2: "ಹಡಗಿಗೆ ಇಳಿಜಾರು ಹಲಗೆ ಹಾಕಿರ್ತಾರೆ, ತಳ್ಳಿಕೊಂಡು ಹೋದರಾಯಿತು"

ಹಲವು ಬಾರಿ ನಿಜ, ಎಲ್ಲ ಸಲ ಅಲ್ಲ. ಇದರ ಹಿಂದೆ ಒಂದಿಷ್ಟು ವಿಜ್ಞಾನವಿದೆ.

ಧಕ್ಕೆಗೂ ಹಡಗಿಗೂ ನಡುವೆ ಹಾಕುವ ಹತ್ತುದಾರಿಗೆ ಗ್ಯಾಂಗ್‌ವೇ ಎನ್ನುತ್ತಾರೆ. ಧಕ್ಕೆ ಇದ್ದಲ್ಲೇ ಇರುತ್ತದೆ. ಆದರೆ ಹಡಗು ನೀರಿನ ಜೊತೆ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಮುಂಬೈ ತೀರದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರಕ್ಕೂ ಇಳಿತಕ್ಕೂ 4 ಮೀಟರಿಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಚೆನ್ನೈ ಮತ್ತು ಕೊಚ್ಚಿಯಲ್ಲಿ ಇದು ಸುಮಾರು 1 ಮೀಟರ್. ಅಂದರೆ ಏರಿಳಿತ ಹೆಚ್ಚಿರುವ ತೆರೆದ ಧಕ್ಕೆಯಲ್ಲಿ ಬೆಳಿಗ್ಗೆ ಸಲೀಸಾಗಿದ್ದ ಹತ್ತುದಾರಿ ಮಧ್ಯಾಹ್ನ ಕಡಿದಾಗಿರಬಹುದು.

ಎಷ್ಟು ಕಡಿದು ಎಂದರೆ ಕಷ್ಟ? ಭಾರತದ ಸುಗಮ್ಯತಾ ಮಾರ್ಗಸೂಚಿಗಳು ಕಟ್ಟಡಗಳ ರ‍್ಯಾಂಪಿಗೆ ಹೇಳುವ ಮಿತಿ 1:12. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. 70 ಕೆ.ಜಿ. ತೂಕದವರು 20 ಕೆ.ಜಿ. ಕುರ್ಚಿಯಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ಚಕ್ರದ ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ:

- 1:12 ಇಳಿಜಾರಿನಲ್ಲಿ ತಳ್ಳುವವರ ಮೇಲೆ ಸುಮಾರು 7.5 ಕೆ.ಜಿ. ಭಾರ
- 1:6 ಇಳಿಜಾರಿನಲ್ಲಿ ಸುಮಾರು 15 ಕೆ.ಜಿ.
- 1:4 ಇಳಿಜಾರಿನಲ್ಲಿ ಸುಮಾರು 22 ಕೆ.ಜಿ.

12 ಮೀಟರ್ ಉದ್ದದ ಹತ್ತುದಾರಿಯ ಒಂದು ತುದಿ 1 ಮೀಟರ್ ಮೇಲಿದ್ದರೆ 1:12 ಆಗುತ್ತದೆ. ಅದೇ ತುದಿ 3 ಮೀಟರ್ ಮೇಲೇರಿದರೆ 1:4. ಬ್ಯಾಟರಿ ಕುರ್ಚಿಯೂ ಕೂತವರೂ ಸೇರಿ 190 ಕೆ.ಜಿ. ಇದ್ದರೆ 1:4ರಲ್ಲಿ 46 ಕೆ.ಜಿ. ಭಾರ ಹಿಂದಕ್ಕೆ ಜಗ್ಗುತ್ತದೆ. ಮನೆಯವರು ಕೈಹಚ್ಚಿ ನಿಭಾಯಿಸುವ ಭಾರ ಇದಲ್ಲ. ಇಳಿಯುವಾಗ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು, ತರಬೇತಿ ಇರುವ ಸಿಬ್ಬಂದಿಯೇ ಹಿಡಿಯಬೇಕು.

ಹಾಗಾಗಿ ಕ್ರೂಸ್ ಕಂಪನಿಗೆ ಕೇಳಬೇಕಾದ್ದು: ನಮ್ಮ ಹಡಗು ಹತ್ತುವ ದಿನ ದಾರಿ ಇಳಿಜಾರೋ ಮೆಟ್ಟಿಲೋ? ಸಿಬ್ಬಂದಿ ಎಷ್ಟು ಕೆ.ಜಿ. ತನಕ ಸಹಾಯ ಮಾಡುತ್ತಾರೆ? ಯಾವ ಹೊತ್ತಿಗೆ ಬಂದರೆ ಸುಲಭ?

ಹೇಳಿಕೆ 3: "ಹಡಗು ನಿಲ್ಲುವ ಊರಲ್ಲೆಲ್ಲ ಇಳಿದು ಸುತ್ತಬಹುದು"

ಇದು ತಪ್ಪು. ಕೆಲವು ಊರುಗಳಲ್ಲಿ ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ. ಇನ್ನು ಕೆಲವೆಡೆ ಸಮುದ್ರದಲ್ಲೇ ಲಂಗರು ಹಾಕಿ, ಚಿಕ್ಕ ದೋಣಿಯಲ್ಲಿ ಜನರನ್ನು ದಡಕ್ಕೆ ಕರೆದೊಯ್ಯುತ್ತಾರೆ. ಅಲೆಯಲ್ಲಿ ಕುಣಿಯುವ ದೋಣಿಗೆ ಕುರ್ಚಿ ದಾಟಿಸುವುದು ಅಪಾಯ. ಎಷ್ಟೋ ಕಂಪನಿಗಳು ನಡೆಯಲಾಗದವರನ್ನು ಇದಕ್ಕೆ ಹತ್ತಿಸುವುದೇ ಇಲ್ಲ.

ಭಾರತದ ಉದಾಹರಣೆಯನ್ನೇ ನೋಡಿ. ಕಾರ್ಡೀಲಿಯಾ ಕ್ರೂಸಸ್ 2021ರ ಸೆಪ್ಟೆಂಬರ್‌ನಲ್ಲಿ ‘ಎಂಪ್ರೆಸ್’ ಹಡಗಿನಲ್ಲಿ ಮುಂಬೈಯಿಂದ ಪ್ರವಾಸ ಶುರು ಮಾಡಿತು. ಗೋವಾ, ಕೊಚ್ಚಿ, ಲಕ್ಷದ್ವೀಪ ಇದರ ಪರಿಚಿತ ದಾರಿಗಳು. ಗೋವಾದ ಮುರ್ಮಗೋವಾ ಬಂದರಿನಲ್ಲಿ, ಕೊಚ್ಚಿಯಲ್ಲಿ ಹಡಗು ಧಕ್ಕೆಗೆ ಬರುತ್ತದೆ. ಕೊಚ್ಚಿಯಲ್ಲಿ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ‘ಸಾಗರಿಕಾ’ ಕ್ರೂಸ್ ಟರ್ಮಿನಲ್ ಕೂಡ ಇದೆ. ಆದರೆ ಲಕ್ಷದ್ವೀಪದ ಅಗತ್ತಿಯಂಥ ಕಡೆ ಹವಳದ ದಿಬ್ಬದ ಒಳಗಿನ ನೀರು ಆಳವಿಲ್ಲ. ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ, ದಡಕ್ಕೆ ದೋಣಿಯಲ್ಲೇ ಹೋಗಬೇಕು. ಅಜ್ಜಿಯ ಆಸೆಯೇ ಲಕ್ಷದ್ವೀಪದ ಮರಳ ಮೇಲೆ ಕೂರುವುದಾಗಿದ್ದರೆ ಈ ವಿಷಯ ದುಡ್ಡು ಕಟ್ಟುವ ಮೊದಲೇ ಗೊತ್ತಿರಬೇಕು.

ನಮ್ಮ ರಾಜ್ಯದ ಪಣಂಬೂರಿನ ನವಮಂಗಳೂರು ಬಂದರಿಗೂ ಕ್ರೂಸ್ ಹಡಗುಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ವಿದೇಶಿ ಪ್ರವಾಸಿಗರದ್ದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ ನೋಡಿಕೊಂಡು ಅವರು ಅದೇ ಹಡಗಿನಲ್ಲಿ ಮುಂದಕ್ಕೆ ಹೋಗುತ್ತಾರೆ. ಬೆಂಗಳೂರಿನವರು ಹಡಗು ಹತ್ತಲು ಸಾಮಾನ್ಯವಾಗಿ ಮುಂಬೈ, ಚೆನ್ನೈ, ಕೊಚ್ಚಿ ಅಥವಾ ಸಿಂಗಪುರಕ್ಕೇ ಹೋಗಬೇಕು.

ಹೇಳಿಕೆ 4: "ಏರ್‌ಪೋರ್ಟಲ್ಲಿ ವೀಲ್‌ಚೇರ್ ಕೇಳಿದರೆ ದುಡ್ಡು ಕೊಡಬೇಕು, ಕೇಳಿದ ತಕ್ಷಣ ಸಿಗುತ್ತದೆ"

ಎರಡು ಭಾಗವೂ ಸರಿಯಲ್ಲ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ಅಂಗವಿಕಲರಿಗೆ, ಓಡಾಟ ಕಷ್ಟವಿರುವವರಿಗೆ ನೀಡುವ ನೆರವಿಗೆ ಶುಲ್ಕ ವಿಧಿಸುವಂತಿಲ್ಲ. ಆದರೆ ಪ್ರಯಾಣಕ್ಕೆ ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕು. ಟಿಕೆಟ್ ಮಾಡುವಾಗಲೇ ಹೇಳುವುದು ಉತ್ತಮ. ಏಜೆಂಟ್ "ಹೇಳಿದ್ದೇನೆ" ಎಂದರೂ ಟಿಕೆಟ್ಟಿನಲ್ಲಿ ನಮೂದಾಗಿದೆಯೇ ಎಂದು ಏರ್‌ಲೈನ್‌ಗೆ ಫೋನ್ ಮಾಡಿ ಕೇಳಿ.

ಏನನ್ನು ಕೇಳಬೇಕು ಎಂಬುದೂ ಮುಖ್ಯ. ಏರ್‌ಲೈನ್‌ಗಳು ಮೂರು ಕೋಡ್ ಬಳಸುತ್ತವೆ:

- ಡಬ್ಲ್ಯುಸಿಎಚ್‌ಆರ್: ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು
- ಡಬ್ಲ್ಯುಸಿಎಚ್‌ಎಸ್: ಮೆಟ್ಟಿಲು ಹತ್ತಲಾರರು, ವಿಮಾನದೊಳಗೆ ನಡೆಯಬಲ್ಲರು
- ಡಬ್ಲ್ಯುಸಿಎಚ್‌ಸಿ: ನಡೆಯಲು ಸಾಧ್ಯವೇ ಇಲ್ಲ, ಸೀಟಿನ ತನಕ ನೆರವು ಬೇಕು

ಮೂರನೆಯದು ಬೇಕಿದ್ದವರಿಗೆ ಮೊದಲನೆಯದು ನಮೂದಾದರೆ, ವಿಮಾನ ದೂರದ ಜಾಗದಲ್ಲಿ ನಿಂತಾಗ ಮೆಟ್ಟಿಲ ಬುಡದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕುರ್ಚಿ ಸಮೇತ ಮೇಲೆತ್ತುವ ಆಂಬುಲಿಫ್ಟ್ ಮತ್ತು ಸೀಟುಗಳ ನಡುವೆ ಸಾಗುವ ಕಿರಿದಾದ ಕುರ್ಚಿ ಸಿದ್ಧವಿರಬೇಕಾದರೆ ಸರಿಯಾದ ಕೋಡ್ ಇರಬೇಕು.

ನೆರವು ಬರುವ ತನಕ ಕಾಯುವುದೂ ಅಷ್ಟೇ ಮುಖ್ಯ. 2024ರ ಫೆಬ್ರವರಿಯಲ್ಲಿ ಮುಂಬೈ ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಸಾಲದೆ ನಡೆದುಕೊಂಡೇ ಹೊರಟ 80 ವರ್ಷದ ಪ್ರಯಾಣಿಕರೊಬ್ಬರು ಕುಸಿದು ಬಿದ್ದು ಮೃತಪಟ್ಟರು. ಡಿಜಿಸಿಎ ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಅಗತ್ಯವಿಲ್ಲದಿದ್ದರೂ ಕ್ಯೂ ತಪ್ಪಿಸಲು ವೀಲ್‌ಚೇರ್ ಕೇಳುವ ‘ಟಿಪ್ಸ್’ ಹಂಚುವವರು ಈ ಘಟನೆಯನ್ನು ನೆನಪಿಡಬೇಕು. ಕುರ್ಚಿಗಳು ಎಣಿಕೆಯಷ್ಟೇ ಇರುತ್ತವೆ.

ಹೇಳಿಕೆ 5: "ಬ್ಯಾಟರಿ ವೀಲ್‌ಚೇರನ್ನು ವಿಮಾನದಲ್ಲಿ ಬಿಡುವುದೇ ಇಲ್ಲ"

ತಪ್ಪು. ಷರತ್ತು ಇದೆ, ನಿಷೇಧ ಇಲ್ಲ. ಲಿಥಿಯಂ ಬ್ಯಾಟರಿ ಬಿಚ್ಚಿ ತೆಗೆಯುವಂಥದ್ದಾದರೆ ಅಂತರರಾಷ್ಟ್ರೀಯ ನಿಯಮದಲ್ಲಿ ಸಾಮಾನ್ಯ ಮಿತಿ 300 ವ್ಯಾಟ್-ಅವರ್. ಎರಡು ಬ್ಯಾಟರಿ ಇದ್ದರೆ ಒಂದೊಂದೂ 160ರ ಒಳಗಿರಬೇಕು. ಬಿಚ್ಚಿದ ಬ್ಯಾಟರಿ ಲಗೇಜಿಗೆ ಹೋಗಬಾರದು, ಕ್ಯಾಬಿನ್ನಿಗೇ ಬರಬೇಕು. ಕುರ್ಚಿಯಲ್ಲೇ ಭದ್ರವಾಗಿ ಕೂತ ಬ್ಯಾಟರಿಗೆ, ಜೆಲ್ ಬ್ಯಾಟರಿಗೆ ನಿಯಮ ಬೇರೆ.

ಲೆಕ್ಕ ಸುಲಭ: ಬ್ಯಾಟರಿ ಮೇಲೆ ಬರೆದಿರುವ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 24 ವೋಲ್ಟ್, 10 ಎಎಚ್ ಇದ್ದರೆ 240, ಮಿತಿಯ ಒಳಗೆ. 24 ವೋಲ್ಟ್, 20 ಎಎಚ್ ಇದ್ದರೆ 480, ಮಿತಿ ಮೀರಿತು. ಆ ಅಂಕಿ ಇರುವ ಸ್ಟಿಕರಿನ ಫೋಟೊ ತೆಗೆದು ಏರ್‌ಲೈನ್‌ಗೆ ಮೊದಲೇ ಕಳಿಸಿ ಒಪ್ಪಿಗೆ ಪಡೆಯಿರಿ. ಚೆಕ್-ಇನ್ ಕೌಂಟರ್ ಮುಂದೆ ವಾದ ಮಾಡುವುದಕ್ಕಿಂತ ಅದು ಲೇಸು.

ರೈಲಿನಲ್ಲಿ ಹೋದರೆ?

ಚೆನ್ನೈಯಿಂದ ಹೊರಡುವ ಹಡಗಾದರೆ ರೈಲು ಒಳ್ಳೆಯ ಆಯ್ಕೆ. ಮೈಸೂರು–ಚೆನ್ನೈ ವಂದೇ ಭಾರತ್ 2022ರ ನವೆಂಬರ್ 11ರಿಂದ ಕೆಎಸ್‌ಆರ್ ಬೆಂಗಳೂರು ಮೂಲಕ ಓಡುತ್ತಿದೆ. ವಂದೇ ಭಾರತ್ ವಿನ್ಯಾಸದಲ್ಲಿ ತುದಿಯ ಬೋಗಿಗಳಲ್ಲಿ ವೀಲ್‌ಚೇರ್‌ಗೆ ಜಾಗ, ಅಗಲವಾದ ಶೌಚಾಲಯ ಇವೆ. ಚೆನ್ನೈ ಸೆಂಟ್ರಲ್‌ನಿಂದ ಬಂದರು ಹತ್ತಿರ. ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಸಿಎಸ್‌ಎಂಟಿಯಿಂದ ಬಲ್ಲಾರ್ಡ್ ಪಿಯರ್ ಕಡೆಗೆ ಚಿಕ್ಕ ಪ್ರಯಾಣ, ಆದರೆ ರೈಲಿನಲ್ಲೇ ಒಂದು ಹಗಲು ಒಂದು ರಾತ್ರಿ ಕಳೆಯಬೇಕು.

ಇಲ್ಲೂ ಕಷ್ಟ ಇರುವುದು ಹತ್ತುವ ಜಾಗದಲ್ಲೇ. ನಮ್ಮ ಎತ್ತರದ ಪ್ಲಾಟ್‌ಫಾರ್ಮ್ ಹಳಿಯಿಂದ 76ರಿಂದ 84 ಸೆಂ.ಮೀ.; ಬೋಗಿಯ ನೆಲ ಅದಕ್ಕಿಂತ ಸಾಕಷ್ಟು ಮೇಲಿರುತ್ತದೆ. ಒಯ್ಯಬಹುದಾದ ರ‍್ಯಾಂಪ್ ಬೇಕೇ ಬೇಕು. ಅದು ಇದೆಯೇ, ಯಾರು ತರುತ್ತಾರೆ ಎಂದು ಸ್ಟೇಷನ್ ಮ್ಯಾನೇಜರ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ನಡುವಿನ ನಿಲ್ದಾಣದಲ್ಲಿ ಕೆಲವೇ ನಿಮಿಷ ನಿಲ್ಲುವ ರೈಲಿಗಿಂತ, ನೀವು ಹತ್ತುವ ಊರಿನಿಂದಲೇ ಹೊರಡುವ ರೈಲು ಒಳ್ಳೆಯದು. ಹತ್ತಲು ಸಮಯ ಸಿಗುತ್ತದೆ.

ಬ್ರೂಕ್‌ಫೀಲ್ಡ್‌ನಿಂದ ಹೊರಡುವಾಗ

ಇಲ್ಲಿಂದ ಕೆಂಪೇಗೌಡ ವಿಮಾನ ನಿಲ್ದಾಣ ಸುಮಾರು 40 ಕಿ.ಮೀ. ಮೆಟ್ರೊ ಇನ್ನೂ ಅಲ್ಲಿಗೆ ತಲುಪಿಲ್ಲ, ರಸ್ತೆಯೇ ಗತಿ. ಕ್ಯಾಬ್ ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ.

ಒಂದು, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆಯೇ? ಬೆಂಗಳೂರಿನ ಅನೇಕ ಕ್ಯಾಬ್‌ಗಳಲ್ಲಿ ಡಿಕ್ಕಿಯ ಅರ್ಧ ಜಾಗ ಅದಕ್ಕೇ ಹೋಗಿರುತ್ತದೆ. ಮಡಚಿದ ಕುರ್ಚಿ ಹಿಡಿಸುವುದಿಲ್ಲ, ಸೂಟ್‌ಕೇಸ್ ಮಾತಂತೂ ದೂರ. ಎರಡು, ಸೀಟಿನ ಎತ್ತರ ಎಷ್ಟು? ಕುರ್ಚಿಯ ಸೀಟಿಗೂ ಕಾರಿನ ಸೀಟಿಗೂ ಎತ್ತರ ಹೆಚ್ಚುಕಡಿಮೆ ಒಂದೇ ಇದ್ದರೆ ಸರಿಯುವುದು ಸುಲಭ. ತುಂಬ ಎತ್ತರದ ಎಸ್‌ಯುವಿಗಿಂತ ಎತ್ತರ ಕಡಿಮೆ ಇರುವ ಕಾರು ಎಷ್ಟೋ ಸಲ ವಾಸಿ. ಮೂರು, ಕುರ್ಚಿಯಿಂದ ಏಳಲೇ ಆಗದವರಾದರೆ ರ‍್ಯಾಂಪ್ ಅಥವಾ ಲಿಫ್ಟ್ ಇರುವ ವಾಹನವೇ ಬೇಕು. ಬೆಂಗಳೂರಿನಲ್ಲಿ ಇಂಥ ಟ್ಯಾಕ್ಸಿ ಸೇವೆಗೆ ದಾರಿ ತೋರಿದ್ದು 2013ರಲ್ಲಿ ಶುರುವಾದ ಕಿಕ್‌ಸ್ಟಾರ್ಟ್ ಕ್ಯಾಬ್ಸ್. ಇಂಥ ವಾಹನಗಳು ಸಂಖ್ಯೆಯಲ್ಲಿ ಕಡಿಮೆ; ಆ್ಯಪ್‌ನಲ್ಲಿ ಹತ್ತು ನಿಮಿಷ ಮೊದಲು ಹುಡುಕುವಂಥದ್ದಲ್ಲ, ವಾರಗಟ್ಟಲೆ ಮೊದಲೇ ಮಾತಾಡಿಡಬೇಕು. ಕಾರಿನಲ್ಲಿ ಕುರ್ಚಿಯಲ್ಲೇ ಕೂತು ಹೋಗುವುದಾದರೆ ನಾಲ್ಕು ಮೂಲೆಗೂ ಕಟ್ಟುವ ಪಟ್ಟಿ ಮತ್ತು ಕೂತವರಿಗೆ ಬೇರೆ ಸೀಟ್‌ಬೆಲ್ಟ್ ಇರಲೇಬೇಕು. ಬರೀ ಬ್ರೇಕ್ ಹಾಕಿದರೆ ಸಾಲದು.

ರೈಲಿಗೆ ಹೋಗುವವರಿಗೆ ಇನ್ನೊಂದು ದಾರಿ ಇದೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ಣಗೊಂಡಿತು. ಕುಂದಲಹಳ್ಳಿಯಲ್ಲಿ ಹತ್ತಿದರೆ ಗಾಡಿ ಬದಲಾಯಿಸದೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣಕ್ಕೆ ಹೋಗಬಹುದು. ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್, ಅಗಲದ ಗೇಟ್, ರೈಲಿನಲ್ಲಿ ವೀಲ್‌ಚೇರ್ ಜಾಗ ಎಲ್ಲ ಇವೆ. ಪರೀಕ್ಷಿಸಬೇಕಾದ್ದು ಮನೆಯಿಂದ ನಿಲ್ದಾಣದ ಲಿಫ್ಟಿನ ತನಕದ ಫುಟ್‌ಪಾತ್, ಆಮೇಲೆ ಮೆಟ್ರೊದಿಂದ ಪ್ಲಾಟ್‌ಫಾರ್ಮಿಗೆ ಹೋಗುವ ದಾರಿ. ಪ್ರಯಾಣಕ್ಕೆ ಒಂದು ವಾರ ಮೊದಲು, ಭಾನುವಾರ ಬೆಳಿಗ್ಗೆ, ಖಾಲಿ ಕೈಯಲ್ಲಿ ಒಮ್ಮೆ ಹೋಗಿ ಬನ್ನಿ. ಲಿಫ್ಟ್ ಯಾವ ಬದಿಗಿದೆ ಎಂಬುದೊಂದೇ ಗೊತ್ತಾದರೂ ಲಾಭ.

ವಿದೇಶದಲ್ಲಿ ಹಡಗು ಹತ್ತುವವರಿಗೆ

ಸಿಂಗಪುರದಲ್ಲಿ ದಡದ ಮೇಲಿನ ಓಡಾಟ ಸುಲಭ: ಎಂಆರ್‌ಟಿ ನಿಲ್ದಾಣಗಳಿಗೆ ಲಿಫ್ಟ್ ಇದೆ, ಸಾರ್ವಜನಿಕ ಬಸ್‌ಗಳು ವೀಲ್‌ಚೇರ್ ಹತ್ತುವಂಥವು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರು ಅಲ್ಲಿಂದ ಕ್ರೂಸ್ ಹೋಗುವುದೂ ಉಂಟು. ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲೇ, ಅಮೆರಿಕದ ನೀರಿಗೆ ಬರುವ ವಿದೇಶಿ ಧ್ವಜದ ಹಡಗುಗಳಿಗೂ ಆ ದೇಶದ ಅಂಗವಿಕಲರ ಕಾಯ್ದೆ ಅನ್ವಯಿಸುತ್ತದೆ ಎಂದಿದೆ. ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಾರಿಗೆಯನ್ನು ಎಲ್ಲರಿಗೂ ಎಟುಕುವಂತೆ ಮಾಡಲು ಸರ್ಕಾರಗಳಿಗೆ ಹೇಳುತ್ತದೆ. ಆದ್ದರಿಂದ ನೀವು ರ‍್ಯಾಂಪ್ ಕೇಳುವುದು ಉಪಕಾರ ಬೇಡಿದಂತಲ್ಲ.

ಹಡಗಿನಲ್ಲಿ ಮರೆಯಬಾರದ್ದು

ಬೆಂಕಿ ಅಥವಾ ಅಪಾಯದ ಹೊತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ತುರ್ತಿನಲ್ಲಿ ವಿಶೇಷ ನೆರವು ಬೇಕು ಎಂದು ತಿಳಿಸಿದವರ ವಿವರ ಹಡಗು ಹೊರಡುವ ಮೊದಲೇ ಕ್ಯಾಪ್ಟನ್‌ಗೆ ತಲುಪಬೇಕು. ಆದರೆ ತಿಳಿಸಬೇಕಾದ್ದು ನೀವೇ. ಸಂಕೋಚಪಟ್ಟು ಸುಮ್ಮನಿದ್ದರೆ ಆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ.

ಹಡಗಿನ ನಡುಭಾಗದ, ಕೆಳ ಡೆಕ್‌ನ ಕ್ಯಾಬಿನ್ ಕಡಿಮೆ ಓಲಾಡುತ್ತದೆ. ನಿಂತ ಕೂಡಲೇ ಕುರ್ಚಿಯ ಎರಡೂ ಬ್ರೇಕ್ ಹಾಕಿ. ಸಮುದ್ರ ವಾಕರಿಕೆಯ ಕೆಲವು ಮಾತ್ರೆಗಳು ವಯಸ್ಸಾದವರಿಗೆ ಮಂಪರು, ಗೊಂದಲ ತರಬಹುದು. ವೈದ್ಯರನ್ನು ಕೇಳಿಯೇ ಕೊಡಿ. ಬೆನ್ನುಹುರಿ ಪೆಟ್ಟಾದವರು ದೀರ್ಘ ಪ್ರಯಾಣದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮೈಭಾರ ಬದಲಿಸಬೇಕು, ಇಲ್ಲವಾದರೆ ಚರ್ಮ ಒತ್ತಿ ಹುಣ್ಣಾಗುತ್ತದೆ.

ನಮ್ಮ ತೀರ್ಮಾನ

"ವೀಲ್‌ಚೇರ್ ಇದ್ದವರು ಕ್ರೂಸ್ ಹೋಗಲಾಗದು" ಎಂಬುದು ಸುಳ್ಳು. "ಎಲ್ಲ ವ್ಯವಸ್ಥೆ ತಾನಾಗಿ ಇರುತ್ತದೆ" ಎಂಬುದೂ ಸುಳ್ಳು. ಪ್ರತಿ ಹತ್ತುವ, ಇಳಿಯುವ ಜಾಗವನ್ನು ಮೊದಲೇ ಕೇಳಿ ಖಚಿತಪಡಿಸಿಕೊಂಡವರು ಹೋಗಿಬರಬಹುದು.

ಗ್ರೂಪಿಗೆ ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ:

1. ಕುರ್ಚಿಯ ಅಗಲ, ತೂಕ, ಬ್ಯಾಟರಿ ಅಳತೆ ಬರೆದಿಡಿ.
2. ವೀಲ್‌ಚೇರ್ ಕ್ಯಾಬಿನ್ ಈಮೇಲ್‌ನಲ್ಲಿ ಖಚಿತವಾದ ಮೇಲೆಯೇ ಬೇರೆ ಟಿಕೆಟ್ ಮಾಡಿ.
3. ಪ್ರತಿ ಊರಿಗೂ ಕೇಳಿ: ಧಕ್ಕೆಗೆ ಬರುತ್ತದೋ, ದೋಣಿಯೋ?
4. ಹತ್ತುದಾರಿ ಇಳಿಜಾರೋ, ಮೆಟ್ಟಿಲೋ ಎಂದು ಕೇಳಿ.
5. ಏರ್‌ಲೈನ್‌ಗೆ 48 ಗಂಟೆ ಮೊದಲೇ ಸರಿಯಾದ ಕೋಡ್ ಹೇಳಿ.
6. ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರು ತಲುಪಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.
7. ಕ್ಯಾಬ್‌ನವರಿಗೆ ಡಿಕ್ಕಿಯ ಫೋಟೊ ಕಳಿಸಲು ಹೇಳಿ.
8. ಎಲ್ಲಕ್ಕಿಂತ ಮೊದಲು, ಕುರ್ಚಿಯಲ್ಲಿ ಕೂರುವವರನ್ನೇ ಕೇಳಿ: "ನಿಮಗೆ ಎಲ್ಲಿಗೆ ಹೋಗಬೇಕು ಅನಿಸುತ್ತೆ?"